ಈ ವಾರದ ಸಮಸ್ಯೆ: ಕಿವಿ ಕೇಳದವ ಕೇಳಿ ನಗಿಸಿದನು ನೋಡ!

ಇದು ಕೊನೆಯ ಸಾಲು; ಮೇಲಿನ ಮೂರನ್ನು ಬರೆದು ಪೂರಣ ಮಾಡುವುದು ನಿಮ್ಮ ಕೆಲಸ. ಐದು ಮಾತ್ರೆಯ ಗಣಗಳ ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ. ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ) ‘ವ’, ಅದರ ಹಿಂದೆ ಲಘು, ಅಂದರೆ ಒಂದು ಮಾತ್ರೆಯ ಅಕ್ಷರ.

ಹೊಳೆದದ್ದು ಹೇಗೆ ಅಂತ ಹೇಳಿಬಿಡುತ್ತೇನೆ, ನೀವು ಅದೇ ದಾರಿ ಹಿಡಿಯಬೇಕೆಂದೇನಿಲ್ಲ. ಮೊನ್ನೆ ರಾತ್ರಿ 1972ರ ‘ಬಂಗಾರದ ಮನುಷ್ಯ’ ಮತ್ತೆ ನೋಡಿದೆ. ಪಕ್ಕದಲ್ಲಿ ಮಗು ಮಲಗಿತ್ತು. ಟಿವಿಯ ಸದ್ದು ಪೂರ್ತಿ ತೆಗೆದಿದ್ದೆ. ಮಾತೆಲ್ಲ ಬಾಯಿಪಾಠ, ತೊಂದರೆಯಿಲ್ಲ. ಸದ್ದು ಹೋದ ಮೇಲೆ ರಾಚೂಟಪ್ಪನಾಗಿ ನಟಿಸಿದ ಬಾಲಣ್ಣನ (ಟಿ.ಎನ್. ಬಾಲಕೃಷ್ಣ) ಕಣ್ಣು ಕಂಡಿತು. ಎದುರಿನವರ ಮುಖ ಬಿಟ್ಟು ಅಲ್ಲಾಡುವುದೇ ಇಲ್ಲ! ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ ಅಂತ ಗೊತ್ತಿತ್ತು. ಆದರೂ ಇಷ್ಟು ಸಲ ನೋಡಿ ಇದನ್ನು ಗಮನಿಸಿರಲಿಲ್ಲ.

— ಸರ್, ನನ್ನ ಪೂರಣ:

ಅವರಿವರ ತುಟಿಯನೋದುತ ಮಾತ ಹಿಡಿಹಿಡಿದು
ಸವೆಸಿದನು ಬಣ್ಣದಲೆ ಬಾಳನೆಲ್ಲವನು
ಎವೆಯಿಕ್ಕದಾ ಕಣ್ಣೆ ಕಿವಿಯಾಗೆ ಬಾಲಣ್ಣ
ಕಿವಿ ಕೇಳದವ ಕೇಳಿ ನಗಿಸಿದನು ನೋಡ!

ಎರಡನೇ ಸಾಲು ಮೊದಲು ‘ಕಳೆದನವ’ ಅಂತಿತ್ತು. ಪ್ರಾಸ ಕೆಟ್ಟಿತು, ತಿದ್ದಿದೆ.

— ಮೂರನೇ ಸಾಲಿಗೆ ಚಪ್ಪಾಳೆ. ‘ಬಾಳನೆಲ್ಲವನು’ ಕೂಡ ಸುಮ್ನೆ ಮಾತ್ರೆ ತುಂಬಿಸಿದ್ದಲ್ಲ. ಅರಸೀಕೆರೆಯ ಹುಡುಗ, ಕಂಪನಿ ನಾಟಕ, 1943ರಲ್ಲಿ ‘ರಾಧಾರಮಣ’ ಸಿನಿಮಾ. ದುಡಿದದ್ದನ್ನೆಲ್ಲ ಅಭಿಮಾನ್ ಸ್ಟುಡಿಯೋಗೆ ಸುರಿದರು. 1995ರಲ್ಲಿ ಹೋದರು. ನನ್ನ ತಕರಾರು ಸಮಸ್ಯೆ ಕೊಟ್ಟವರ ಮೇಲೆ: ‘ನಗಿಸಿದನು’ ಬಾಲಣ್ಣನಿಗೆ ಚಿಕ್ಕ ಅಂಗಿ. ಕೇಡಿಗನಾಗಿ ನಾವು ಹಲ್ಲು ಕಡಿಯುವಂತೆ ಮಾಡಿದ್ದೂ ಅವರೇ ಅಲ್ವಾ?

— ಒಪ್ಪಿದೆ. ‘ಅಳಿಸಿದನು’ ಅಂತ ಹಾಕಿದ್ದರೂ ಐದೇ ಮಾತ್ರೆ ಆಗುತ್ತಿತ್ತು!

— ನಾನು ಬಾಲಣ್ಣನ ಹತ್ತಿರ ಹೋಗಲೇ ಇಲ್ಲ. ‘ಕೇಳಿ’ ಅನ್ನುವುದನ್ನು ‘ಪ್ರಶ್ನೆ ಕೇಳಿ’ ಅಂತ ತಿರುಗಿಸಿಕೊಂಡೆ:

ಅವನೊಬ್ಬನೂರಜ್ಜ, “ಪಾತ್ರ ಹೇಗಿತ್ತೆ”ನಲು
“ತವರದ್ದೊ ತಾಮ್ರದ್ದೊ ಯಾವ ಪಾತ್ರೆಯದು?”
ಕವಿದ ಮೌನವನೊಡೆದು ಟೂರಿಂಗು ಟೆಂಟಿನಲಿ
ಕಿವಿ ಕೇಳದವ ಕೇಳಿ ನಗಿಸಿದನು ನೋಡ!

— ಅಕ್ಕಾ, ಶರಣು! ‘ತವರದ್ದೊ’ ಅಂದರೆ ತವರುಮನೆಯದ್ದೊ ಅಂತಲೂ ಆಗುತ್ತೆ.

— ಅದು ಬೇಕಂತಲೇ ಇಟ್ಟಿದ್ದು ಕಣಪ್ಪ. ಆ ಅಜ್ಜನ ವೇಷಕ್ಕೆ ಬಾಲಣ್ಣನೇ ಬೇಕು, ಬೇರೆಯವರಿಗೆ ಒಗ್ಗುವುದಿಲ್ಲ.

— ಎಲ್ಲ ಸರಿ ಅಕ್ಕಾ, ಟೆಂಟಿನಲ್ಲಿ ಮೌನ ಎಲ್ಲಿ ಕಂಡಿರಿ? ನಮ್ಮೂರಲ್ಲಿ ರೀಲು ಬದಲಿಸುವಾಗ ಶಿಳ್ಳೆ, ಕೂಗಾಟ, ಕಡ್ಲೆಕಾಯಿ ಸಿಪ್ಪೆ ಮೈಮೇಲೆ.

— ಗೊತ್ತು. ಪ್ರಾಸ ಕೂಗಲು ಬಿಡಲಿಲ್ಲ.