ಸಿಟಿ ಕೌನ್ಸಿಲ್‌ಗೆ ಇಲಾಖೆ ಮುಖ್ಯಸ್ಥರನ್ನು ತೆಗೆಯುವ ಅಧಿಕಾರ ಇದೆಯಾ?

ಪ್ರಶ್ನೆ:
ನಾವಿರುವುದು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಲ್ಲಿ. ಮಳೆ ಬಂದಾಗಲೆಲ್ಲ ನಮ್ಮ ಬೀದಿಯ ಚರಂಡಿ ಉಕ್ಕುತ್ತದೆ. ಪಬ್ಲಿಕ್ ವರ್ಕ್ಸ್ ಮುಖ್ಯಸ್ಥರು ಪತ್ರಕ್ಕೂ ಉತ್ತರ ಕೊಡುವುದಿಲ್ಲ. ಇವರನ್ನು ತೆಗೆಯಿರಿ ಎಂದು ಕೌನ್ಸಿಲ್ ಸದಸ್ಯರನ್ನು ಕೇಳಿದರೆ "ಅದು ನಮ್ಮ ಕೈಯಲ್ಲಿಲ್ಲ" ಎನ್ನುತ್ತಾರೆ. ನಾವು ಓಟು ಹಾಕಿದ್ದು ಅವರಿಗೇ ಅಲ್ವಾ? ಕೌನ್ಸಿಲ್‌ನಲ್ಲಿ ಐದು ಜನ. ಮೂರು ಓಟು ಬಿದ್ದರೆ ಸಾಕಾಗಲ್ವಾ?

ಉತ್ತರ 1:
ಇದು ಊರಿಂದ ಊರಿಗೆ ಬೇರೆ. ಲಾಸ್ ಏಂಜಲೀಸ್‌ನಲ್ಲಿ ತೆಗೆಯುವುದು ಮೇಯರ್. 2025ರ ಜನವರಿಯ ಕಾಳ್ಗಿಚ್ಚಿನ ನಂತರ, ಫೆಬ್ರವರಿ 21ರಂದು ಮೇಯರ್ ಕ್ಯಾರೆನ್ ಬಾಸ್ ಅಗ್ನಿಶಾಮಕ ಮುಖ್ಯಸ್ಥೆ ಕ್ರಿಸ್ಟಿನ್ ಕ್ರೌಲಿ ಅವರನ್ನು ಹುದ್ದೆಯಿಂದ ಇಳಿಸಿದರು. ಅವರು ಕೌನ್ಸಿಲ್‌ಗೆ ಮೇಲ್ಮನವಿ ಹಾಕಿದರು. ವಾಪಸ್ ಬರಬೇಕಾದರೆ 15ರಲ್ಲಿ 10 ಓಟು ಬೇಕಿತ್ತು. ಬಿದ್ದದ್ದು ಎರಡೇ.

ಉತ್ತರ 2:
ನಾನು ಒಂದು ಸಿಟಿ ಕ್ಲರ್ಕ್ ಕಚೇರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ನಿಮ್ಮ ಊರಲ್ಲಿ ಸಿಟಿ ಮ್ಯಾನೇಜರ್, ಅಂದರೆ ಊರಿನ ಆಡಳಿತ ನಡೆಸಲು ಕೌನ್ಸಿಲ್ ನೇಮಿಸುವ ಅಧಿಕಾರಿ, ಇದ್ದಾರಾ, ಮೊದಲು ಅದನ್ನು ನೋಡಿ. ಸಣ್ಣ ಊರಾದ್ದರಿಂದ ಇರುವ ಸಾಧ್ಯತೆಯೇ ಜಾಸ್ತಿ. ಹಾಗಿದ್ದರೆ ಕೌನ್ಸಿಲ್ ನೇಮಿಸುವುದು, ತೆಗೆಯುವುದು ಮ್ಯಾನೇಜರ್ ಒಬ್ಬರನ್ನು, ಹೆಚ್ಚಿನ ಕಡೆ ಸಿಟಿ ಅಟಾರ್ನಿಯನ್ನೂ (ಊರಿನ ವಕೀಲರನ್ನೂ). ಉಳಿದ ಮುಖ್ಯಸ್ಥರೆಲ್ಲ ಸಾಮಾನ್ಯವಾಗಿ ಮ್ಯಾನೇಜರ್ ಕೈಕೆಳಗೆ. ನಿಮ್ಮ ಸದಸ್ಯರು ಸುಮ್ನೆ ನುಣುಚಿಕೊಳ್ಳುತ್ತಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಊರಿನ ಕಾನೂನು ಅವರ ಕೈ ಕಟ್ಟಿರಬಹುದು.

ಕಟ್ಟಿರಲೇಬೇಕು ಎನ್ನುವವಳು ನಾನು. ಒಬ್ಬ ಸದಸ್ಯರು ರಸ್ತೆ ವಿಭಾಗದ ಮುಖ್ಯಸ್ಥರ ಮೇಜಿನ ಮುಂದೆ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಡಾಂಬರು ಹಾಕುವ ಪಟ್ಟಿಯ ಕೆಳಗಿನ ಸಾಲಿನಲ್ಲಿದ್ದ ಒಂದು ಬೀದಿಯ ಮೇಲೆ ಬೆರಳಿಟ್ಟು, "ಇದು ಈ ವರ್ಷವೇ ಆಗಬೇಕು" ಎಂದರು. ಅದು ಅವರ ಬೆಂಬಲಿಗರಿದ್ದ ಬೀದಿ. ಮುಖ್ಯಸ್ಥರು ಪಟ್ಟಿ ಮಡಚಿ ಡ್ರಾಯರಿನಲ್ಲಿಟ್ಟು, "ಮ್ಯಾನೇಜರ್ ಹತ್ತಿರ ಮಾತಾಡಿ" ಎಂದರು. ಅವರ ಕೆಲಸ ಆ ಸದಸ್ಯರ ಓಟಿನ ಮೇಲೆ ನಿಂತಿದ್ದರೆ ಹಾಗೆ ಹೇಳೋಕಾಗುತ್ತಿತ್ತಾ? ಪಟ್ಟಿಯ ಮೇಲೆ ಮೊದಲಿದ್ದ ಬೀದಿಯವರಿಗೆ ತಮ್ಮ ಸರದಿ ಹೋಯಿತು ಅಂತಲೂ ಗೊತ್ತಾಗುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು:
ಸರಿ, ಒಪ್ಪಿದೆ. ಆದರೆ ಕೌನ್ಸಿಲ್‌ಗೇ ಆ ಅಧಿಕಾರ ಇರುವ ಊರಲ್ಲಿ? ಬಾಗಿಲು ಮುಚ್ಚಿ ಓಟು ಹಾಕಿದರೆ ಮುಗೀತಾ?

ಉತ್ತರ 2:
ಇಲ್ಲ. ಕಾರಣವಿಲ್ಲದೆ ತೆಗೆಯುವಂತಿಲ್ಲ ಎಂಬ ರಕ್ಷಣೆ ಇರುವ ಹುದ್ದೆಯಾದರೆ, ಆರೋಪ ಏನು ಎಂದು ತಿಳಿಸಿ, ಉತ್ತರ ಹೇಳಲು ಅವಕಾಶ ಕೊಟ್ಟೇ ತೆಗೆಯಬೇಕು. 1985ರ ಲೌಡರ್‌ಮಿಲ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಆಕ್ಟ್ ಕೂಡ ಇದೆ, ಕೌನ್ಸಿಲ್‌ನಂಥ ಸಂಸ್ಥೆಗಳ ಸಭೆ ಜನರ ಮುಂದೆ ನಡೆಯಬೇಕು ಎನ್ನುವ ಕಾನೂನು. ಒಬ್ಬ ನೌಕರರ ಮೇಲಿನ ದೂರನ್ನು ಮುಚ್ಚಿದ ಸಭೆಯಲ್ಲಿ ಕೇಳುವುದಾದರೆ ಅವರಿಗೆ ಕನಿಷ್ಠ 24 ಗಂಟೆ ಮೊದಲು ಲಿಖಿತ ನೋಟಿಸ್ ಕೊಡಬೇಕು. ಎಲ್ಲರ ಮುಂದೆಯೇ ಕೇಳಿ ಎನ್ನುವ ಹಕ್ಕು ಅವರಿಗಿದೆ. ನೋಟಿಸ್ ಕೊಡದೆ ಆ ದೂರಿನ ಮೇಲೆ ಕ್ರಮ ತೆಗೆದುಕೊಂಡರೆ ಅದು ಅಸಿಂಧು. ಪೊಲೀಸ್ ಮುಖ್ಯಸ್ಥರಿಗಂತೂ ರಾಜ್ಯದ ಬೇರೆ ಕಾನೂನೇ ಇದೆ: ಲಿಖಿತವಾಗಿ ಕಾರಣ ಕೊಡಬೇಕು, ಮೇಲ್ಮನವಿಗೆ ದಾರಿ ಬಿಡಬೇಕು.

ಇನ್ನು ನಿಮ್ಮ ಚರಂಡಿ. ಪತ್ರವನ್ನು ಮ್ಯಾನೇಜರ್‌ಗೆ ಬರೆಯಿರಿ, ಐದೂ ಸದಸ್ಯರಿಗೆ ಪ್ರತಿ ಹಾಕಿ. ಬಜೆಟ್‌ಗೆ ಓಟು ಹಾಕುವುದು ಅವರೇ. ಆ ಪೈಪ್‌ಗೆ ಹಣ ಇಟ್ಟಿದ್ದಾರಾ ಎಂದು ಸಭೆಯಲ್ಲಿ ಎದ್ದು ಕೇಳಿ. ಅಜೆಂಡಾದಲ್ಲಿ "ಸಿಟಿ ಮ್ಯಾನೇಜರ್ ಕೆಲಸದ ಮೌಲ್ಯಮಾಪನ" ಎಂದು ಬಂದ ದಿನ ತಪ್ಪಿಸಿಕೊಳ್ಳಬೇಡಿ. ಬಾಗಿಲು ಮುಚ್ಚುವ ಮೊದಲು ಜನರಿಗೆ ಮಾತಾಡಲು ಬಿಡಲೇಬೇಕು. ಉತ್ತರ ಬರದ ಪತ್ರಗಳನ್ನು ತಾರೀಖಿನ ಸಮೇತ ಅಲ್ಲೇ ಓದಿ.