ಪದಚರ್ಚೆ: ‘ಮುಳುಗಲಾರದ’ ಅಲ್ಲ, ‘ಮುಳುಗಗೊಡಲಾಗದ’ ಬ್ಯಾಂಕು

ಮಾನ್ಯರೇ,

ಕಾರವಾರದ ಮಿತ್ರರು ಕೇಳಿರುವುದು ಗ್ರಾಹಕರ ತಿಳಿವಳಿಕೆ ಶಿಬಿರದ ಫಲಕಕ್ಕೆ ಒಂದು ತಲೆಬರಹ, ಅದೂ ನಾಳೆ ಬೆಳಗಿನೊಳಗೆ. ಮೂಲದ ಮಾತು ಇಂಗ್ಲಿಷಿನ ‘ಟೂ ಬಿಗ್ ಟು ಫೇಲ್’; ಅಂದರೆ, ಮುಳುಗಿದರೆ ಇಡೀ ಹಣಕಾಸು ವ್ಯವಸ್ಥೆಯನ್ನೇ ಕೆಡಿಸುವಷ್ಟು ದೊಡ್ಡದಾದ್ದರಿಂದ ಮುಳುಗಲು ಬಿಡಲಾಗದ ಬ್ಯಾಂಕು. ಈ ಪದಚರ್ಚೆಗೆ ಬಂದಿರುವ ಮೊದಲ ಸೂಚನೆ ‘ವಿಫಲವಾಗಲು ತುಂಬ ದೊಡ್ಡದಾದ ಬ್ಯಾಂಕು’. ಇದು ಕನ್ನಡವಲ್ಲ. ‘ಓದಲು ಹೋದ’ ಎಂಬಲ್ಲಿರುವ ‘ಅಲು’ ಉದ್ದೇಶವನ್ನು ಹೇಳುವುದರಿಂದ, ವಿಫಲವಾಗುವುದಕ್ಕೆಂದೇ ಬೆಳೆದ ಬ್ಯಾಂಕು ಎಂಬ ಅರ್ಥ ಹೊರಡುತ್ತದೆ. ಪ್ರಯತ್ನ ವಿಫಲವಾಗುತ್ತದೆ, ಬ್ಯಾಂಕು ನಮ್ಮಲ್ಲಿ ಮುಳುಗುತ್ತದೆ.

ಎರಡನೆಯ ಸೂಚನೆ ‘ಮುಳುಗಲಾರದ’. ಇದರ ವ್ಯಾಕರಣ ಸರಿ, ಅರ್ಥ ಅಪಾಯಕಾರಿ. ದೊಡ್ಡ ಬ್ಯಾಂಕಿಗೆ ಮುಳುಗುವುದು ಸಾಧ್ಯವೇ ಇಲ್ಲವೆಂದು ಠೇವಣಿದಾರರು ಓದಿಕೊಂಡರೆ ತಪ್ಪು ನಮ್ಮದಾಗುತ್ತದೆ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ದೊಡ್ಡ ಬ್ಯಾಂಕು ಲೇಮನ್ ಬ್ರದರ್ಸ್ ಮುಳುಗಿತು. 2023ರ ಮಾರ್ಚಿನಲ್ಲಿ ಕ್ರೆಡಿಟ್ ಸ್ವೀಸ್ ಕೂಡ ಮುಳುಗುವುದರಲ್ಲಿತ್ತು. ಸ್ವಿಟ್ಜರ್ಲೆಂಡಿನ ಸರಕಾರ ನಡುವೆ ಬಂದು ಅದನ್ನು ಅಲ್ಲಿಯದೇ ಇನ್ನೊಂದು ಬ್ಯಾಂಕಾದ ಯುಬಿಎಸ್ ಕೈಗೆ ಒಪ್ಪಿಸಿತು. ಮುಳುಗಬಲ್ಲದ್ದನ್ನೂ ಮುಳುಗಲು ಬಿಡಲಾಗದ ಈ ಇಕ್ಕಟ್ಟನ್ನು, ನಮ್ಮ ಹೊನ್ನಾವರದ ಅಳಿವೆಯನ್ನು, ಹೊಳೆ ಕಡಲಿಗೆ ಸೇರುವ ಬಾಯನ್ನು, ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೂಳು ತುಂಬಿ ಕಿರಿದಾದ ಆ ಬಾಯಲ್ಲಿ ದೊಡ್ಡ ಬೋಟೊಂದು ಮುಳುಗಿದರೆ ಹಿಂದೆ ಬರುವ ನಾಡದೋಣಿಗಳಿಗೂ ದಾರಿಯಿಲ್ಲ. ಅದಕ್ಕೇ ಅದನ್ನು ಮುಳುಗಲು ಬಿಡುವಂತಿಲ್ಲ.

ಈ ‘ಬಿಡುವಂತಿಲ್ಲ’ ಎಂಬುದಕ್ಕೆ ಕನ್ನಡದಲ್ಲಿ ಚೊಕ್ಕವಾದ ಹಳೆಯ ಉಪಾಯವಿದೆ. ‘ಬರಗೊಡಲಿಲ್ಲ’, ‘ಮಾತಾಡಗೊಡದೆ’ ಎಂದು ನಾವು ದಿನವೂ ಬಳಸುವ ‘ಗೊಡು’ ಇಲ್ಲಿ ಕೆಲಸಕ್ಕೆ ಬರುತ್ತದೆ. ಉಳಿಯುವುದು ‘ಮುಳುಗಗೊಡಬಾರದ’ ಮತ್ತು ‘ಮುಳುಗಗೊಡಲಾಗದ’ ಎಂಬೆರಡರ ನಡುವಣ ಆಯ್ಕೆ, ಮತ್ತು ನನ್ನ ಆಗ್ರಹವಿರುವುದು ಇಲ್ಲಿಯೇ. ‘ಬಾರದ’ ಎಂದರೆ ಕರ್ತವ್ಯ; ಅದು ಸರಕಾರದ ಪರವಾಗಿ ನಾವು ಬರೆದುಕೊಟ್ಟ ಭರವಸೆಯಂತಾಗುತ್ತದೆ. ‘ಆಗದ’ ಎಂದರೆ ಇಕ್ಕಟ್ಟು. ಭಾರತೀಯ ರಿಸರ್ವ್ ಬ್ಯಾಂಕು 2014ರಲ್ಲಿ ಇಂಥ ಬ್ಯಾಂಕುಗಳಿಗೆ ಪ್ರತ್ಯೇಕ ಕಟ್ಟುಪಾಡು ತಂದದ್ದಕ್ಕೆ ಒಂದು ಕಾರಣವೇ ಈ ಭರವಸೆ: ಹೇಗೂ ಸರಕಾರ ಕೈಹಿಡಿಯುತ್ತದೆಂಬ ಧೈರ್ಯದಲ್ಲಿ ದೊಡ್ಡ ಬ್ಯಾಂಕುಗಳು ಹೆಚ್ಚಿನ ಅಪಾಯಕ್ಕೆ ಕೈಹಾಕುತ್ತವೆ. ಆದ್ದರಿಂದ ಅವು ನಷ್ಟವನ್ನು ತಾವೇ ತಾಳಿಕೊಳ್ಳಲೆಂದು ಉಳಿದ ಬ್ಯಾಂಕುಗಳಿಗಿಂತ ಹೆಚ್ಚು ಸ್ವಂತ ಬಂಡವಾಳ ಇಟ್ಟುಕೊಳ್ಳಬೇಕು. 2025ರ ಏಪ್ರಿಲ್‌ನಿಂದ ಈ ಹೆಚ್ಚಳ, ಕೊಟ್ಟ ಸಾಲ ಮೊದಲಾದ ಆಸ್ತಿಯನ್ನು ಅದರದರ ಅಪಾಯಕ್ಕೆ ತಕ್ಕಂತೆ ತೂಗಿ ಎಣಿಸಿದ ಮೊತ್ತದ ಮೇಲೆ, ಸ್ಟೇಟ್ ಬ್ಯಾಂಕಿಗೆ ಶೇ 0.80, ಎಚ್‌ಡಿಎಫ್‌ಸಿ ಬ್ಯಾಂಕಿಗೆ ಶೇ 0.40, ಐಸಿಐಸಿಐ ಬ್ಯಾಂಕಿಗೆ ಶೇ 0.20. ಭರವಸೆಯನ್ನು ಕಡಿಮೆ ಮಾಡಲೆಂದು ಹುಟ್ಟಿದ ನಿಯಮಕ್ಕೆ ಭರವಸೆ ಕೊಡುವ ತಲೆಬರಹವನ್ನು ಅಂಟಿಸಬಾರದು.

ಇದೇ ಮೂರು ಬ್ಯಾಂಕುಗಳಿಗೆ, ಇಂಗ್ಲಿಷಿನ ‘ಸಿಸ್ಟಮಿಕಲಿ ಇಂಪಾರ್ಟೆಂಟ್’ ಎಂಬುದರ ಅನುವಾದವಾಗಿ, ‘ವ್ಯವಸ್ಥಿತವಾಗಿ ಪ್ರಮುಖ’ ಎಂಬ ವಿಶೇಷಣವನ್ನೂ ಯಾರೋ ಸೂಚಿಸಿದ್ದಾರೆ. ದಯವಿಟ್ಟು ಬೇಡ. ಶಿರಸಿಯಲ್ಲಿ ಅಡಿಕೆ ವ್ಯಾಪಾರಕ್ಕೆ ಬಂದಿದ್ದ ಹಿರಿಯರೊಬ್ಬರು ಇದೇ ಮಾತನ್ನು ಪತ್ರಿಕೆಯಲ್ಲಿ ಬೆರಳಿಟ್ಟು ತೋರಿಸಿ, ‘ಹಾಗಾದ್ರೆ ನಮ್ಮ ಸೊಸೈಟಿ ಅವ್ಯವಸ್ಥಿತವೋ?’ ಎಂದು ನನ್ನನ್ನು ಕೇಳಿದ್ದರು. ‘ವ್ಯವಸ್ಥಿತವಾಗಿ’ ಎಂದರೆ ಅಚ್ಚುಕಟ್ಟಾಗಿ ಎಂದೇ ಅರ್ಥ. ಹೇಳಬೇಕಾದದ್ದು ‘ಹಣಕಾಸು ವ್ಯವಸ್ಥೆಗೆ ಆಧಾರವಾದ’ ಎಂದು.

‘ಮುಳುಗು’ ಎಂಬುದರ ಬದಲಿಗೆ ಬರಬಹುದಾಗಿದ್ದ ‘ದಿವಾಳಿ’ ಹೊರಗಿನ ಪದವೆಂದೂ, ಹಗಲಿನಲ್ಲಿ ದೀಪ ಹಚ್ಚಿಟ್ಟು ಸಾಲ ತೀರದೆಂದು ಸಾರುವ ಪದ್ಧತಿಯಿಂದ ಅದು ಬಂತೆಂದೂ ಒಬ್ಬರು ನಾಲ್ಕು ಪುಟ ಬರೆದಿದ್ದಾರೆ. ಫಲಕಕ್ಕೆ ಅದರಿಂದ ಪ್ರಯೋಜನವಿಲ್ಲ. 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲಿದ್ದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮರಾಠಿಯ ಬಳುವಳಿಯನ್ನೆಲ್ಲ ಹೆಕ್ಕಿ ತೆಗೆಯಹೊರಟರೆ ಕಚೇರಿಯ ಒಂದು ಅರ್ಜಿಯೂ ಉಳಿಯುವುದಿಲ್ಲ. ‘ಬ್ಯಾಂಕಿಗೆ’, ‘ಬ್ಯಾಂಕಿನಲ್ಲಿ’ ಎಂದು ನಮ್ಮ ವಿಭಕ್ತಿಗಳನ್ನೆಲ್ಲ ತೊಟ್ಟುಕೊಂಡಿರುವ ಪದವನ್ನು ಹೊರಗಟ್ಟಿ ‘ಹಣಮನೆ’ಯನ್ನು ಕೂರಿಸುವ ವಾದಕ್ಕೂ ನನ್ನ ಒಪ್ಪಿಗೆಯಿಲ್ಲ. ನಾನು ‘ದಿವಾಳಿ’ಯನ್ನು ಬಿಟ್ಟದ್ದು, ಅದರೊಡನೆ ‘ಗೊಡು’ ನೇರವಾಗಿ ಕೂಡುವುದಿಲ್ಲವೆಂಬ ಕಾರಣಕ್ಕೆ ಮಾತ್ರ.

ಫಲಕದಲ್ಲಿ ಹೀಗಿರಲಿ: ‘ಮುಳುಗಗೊಡಲಾಗದಷ್ಟು ಬೆಳೆದ ಬ್ಯಾಂಕುಗಳು: ಅವುಗಳಿಗೆ ಹೆಚ್ಚಿನ ಕಟ್ಟುಪಾಡು ಏಕೆ?’ ಮೊದಲ ಪದವನ್ನು ಒಡೆಯದೆ ಒಂದೇ ಸಾಲಿನಲ್ಲಿ ಕೂರಿಸುವಂತೆ ಮುದ್ರಕರಿಗೆ ತಿಳಿಸಿರಿ. ‘ಮುಳುಗ’ ಎಂದು ಸಾಲು ಮುರಿದರೆ ‘ಮಾಡ’, ‘ಬಾರ’ ಎಂಬಂತೆ ಓದುವವರಿಗೆ ‘ಮುಳುಗುವುದಿಲ್ಲ’ ಎಂದು ಕಾಣಬಹುದು.