ಮೆಸಿಯೆ 40: ಇಲ್ಲಿ ‘ನೀಹಾರಿಕೆ’ ಎನ್ನಬಹುದೇ?

ಮಾನ್ಯರೇ,

ಫ್ರೆಂಚ್ ಖಗೋಳಜ್ಞ ಮೆಸಿಯೆ ಆಕಾಶದಲ್ಲಿ ಮಬ್ಬಾಗಿ ಕಾಣುವ ಕಾಯಗಳನ್ನು ಸೇರಿಸಿ ಮಾಡಿದ ಪಟ್ಟಿಯ 40ನೆಯ ಕಾಯದ ಬಗ್ಗೆ ಬರೆಯುವಾಗ, ಹಳಬರ ‘ನೆಬ್ಯುಲಾ’ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂಬ ತೊಡಕು ಎದುರಾಯಿತು; ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಡಾನ್ಸಿಗ್ ನಗರದ ಖಗೋಳಜ್ಞ ಹೆವೇಲಿಯಸ್ 17ನೆಯ ಶತಮಾನದಲ್ಲಿ ಸಪ್ತರ್ಷಿಮಂಡಲದ ಬಳಿ ಗುರುತಿಸಿದ್ದ ‘ನೆಬ್ಯುಲಾ’ವನ್ನು ಹುಡುಕುತ್ತ ಚಾರ್ಲ್ಸ್ ಮೆಸಿಯೆ 1764ರ ಅಕ್ಟೋಬರಿನಲ್ಲಿ ದೂರದರ್ಶಕವನ್ನು ಅತ್ತ ತಿರುಗಿಸಿದಾಗ, ಆ ಮಂಡಲದ ಅತ್ರಿ ನಕ್ಷತ್ರದಿಂದ ತುಸು ಆಚೆಗೆ ಕಂಡದ್ದು ಒಂದಕ್ಕೊಂದು ತೀರ ಹತ್ತಿರವಿದ್ದ ಎರಡು ಪುಟ್ಟ ನಕ್ಷತ್ರಗಳು ಮಾತ್ರ. ಹೆವೇಲಿಯಸ್ ಇವನ್ನೇ ನೆಬ್ಯುಲಾ ಎಂದುಕೊಂಡಿರಬೇಕೆಂದು ಊಹಿಸಿದ ಮೆಸಿಯೆ, ಆ ಜೋಡಿಗೂ ಪಟ್ಟಿಯಲ್ಲಿ ಒಂದು ಸಂಖ್ಯೆಯನ್ನು ಕೊಟ್ಟನು. (ಹೆವೇಲಿಯಸ್ ಕಂಡದ್ದು ಅಲ್ಲಿಂದ ಒಂದು ಡಿಗ್ರಿಗೂ ಹೆಚ್ಚು ದೂರದಲ್ಲಿರುವ 74 ಅರ್ಸೆ ಮೇಜೋರಿಸ್ ನಕ್ಷತ್ರವನ್ನು ಎಂಬುದು ಈಚಿನವರ ಅಭಿಪ್ರಾಯ.)

‘ಹೆವೇಲಿಯಸ್ ನಕ್ಷತ್ರವನ್ನು ನೀಹಾರಿಕೆಯೆಂದು ತಪ್ಪಾಗಿ ತಿಳಿದನು’ ಎಂದು ಬರೆದರೆ ಅವನು ಹೇಳದೇ ಇದ್ದುದನ್ನು ಅವನ ಬಾಯಲ್ಲಿ ಹೇಳಿಸಿದಂತಾಗುತ್ತದೆ. ಇಂದಿನ ಓದುಗರಿಗೆ ನೀಹಾರಿಕೆ ಎಂದರೆ ಅನಿಲ ಮತ್ತು ದೂಳಿನ ಮೋಡ. ಆದರೆ ಇಂಥ ಕಾಯಗಳಲ್ಲಿ ಕೆಲವು ಅನಿಲವೆಂದು ಖಚಿತವಾದದ್ದು 1864ರಲ್ಲಿ, ವಿಲಿಯಂ ಹಗಿನ್ಸ್ ಅವುಗಳ ರೋಹಿತವನ್ನು (ಬಣ್ಣಗಳಾಗಿ ಬಿಡಿಸಿದ ಬೆಳಕನ್ನು) ಪರೀಕ್ಷಿಸಿದ ಮೇಲೆ. ಅದಕ್ಕೆ ಮುಂಚೆ ನೆಬ್ಯುಲಾ ಎಂಬ ಲ್ಯಾಟಿನ್ ಪದ ಸೂಚಿಸುತ್ತಿದ್ದುದು ಕಣ್ಣಿಗೆ ಕಂಡ ಮಬ್ಬನ್ನಷ್ಟೇ. ಒರೈಯನ್‌ನ (ಬೇಟೆಗಾರನ ನಕ್ಷತ್ರಪುಂಜದ) ತಲೆಯಲ್ಲಿರುವ ನಕ್ಷತ್ರವನ್ನು ಪ್ರಾಚೀನ ಖಗೋಳಜ್ಞ ಟಾಲೆಮಿ ಮಂಜು ಕವಿದದ್ದೆಂದು ದಾಖಲಿಸಿರುವುದೂ ಇದೇ ಅರ್ಥದಲ್ಲಿ. ನಾವು ಮೃಗಶಿರ ಎನ್ನುವ ಆ ಜಾಗದಲ್ಲಿ ಮೂರು ನಕ್ಷತ್ರಗಳು ಒತ್ತೊತ್ತಾಗಿದ್ದು, ಬರಿಗಣ್ಣಿಗೆ ಕಲಸಿಹೋದಂತೆ ಕಾಣುತ್ತವೆ. ಹೆವೇಲಿಯಸ್ ಕೂಡ ನಕ್ಷತ್ರಗಳ ಸ್ಥಾನವನ್ನು ಅಳೆಯುವಾಗ ದೂರದರ್ಶಕವನ್ನು ಒಲ್ಲದೆ ಬರಿಗಣ್ಣನ್ನೇ ನೆಚ್ಚಿಕೊಂಡಿದ್ದವನು.

ನೀಹಾರವೆಂದರೆ ಮಂಜು, ಆದ್ದರಿಂದ ಮೂಲಾರ್ಥವನ್ನು ಹಿಡಿದು ನೀಹಾರಿಕೆ ಎಂದೇ ಉಳಿಸಿಕೊಳ್ಳಬಹುದೆಂಬ ವಾದವಿದೆ. ಆದರೆ ಬಳಕೆಯಲ್ಲಿ ಗಟ್ಟಿಯಾದ ಅರ್ಥವನ್ನು ವ್ಯುತ್ಪತ್ತಿಯ ಬಲದಿಂದ ಸಡಿಲಿಸುವುದು ಸುಲಭವಲ್ಲವೆಂದು ನನಗೆ ತೋರುತ್ತದೆ. ನೆಬ್ಯುಲಾಕ್ಕಿರುವ ಇನ್ನೊಂದು ಪದವಾದ ‘ಜ್ಯೋತಿರ್ಮೇಘ’ದಲ್ಲಂತೂ ಮೋಡ ಕೂತೇಬಿಟ್ಟಿದೆ. ‘ಮಬ್ಬುತಾರೆ’ ಎಂದರೆ ಮಂಕಾದ ನಕ್ಷತ್ರವೆಂಬ ಅರ್ಥ ಬರುವ ಅಪಾಯವಿದೆ. ಸದ್ಯಕ್ಕೆ ‘ಮಂಜುತಾರೆ’ ಎಂದು ಬರೆದುಕೊಂಡಿದ್ದೇನೆ. ಹಳೆಯ ಪಠ್ಯಗಳಲ್ಲಿ ಅಥವಾ ಕನ್ನಡದ ಜ್ಯೋತಿಷ ಗ್ರಂಥಗಳಲ್ಲಿ ಇದಕ್ಕೆ ಒಗ್ಗುವ ಪದವನ್ನು ಯಾರಾದರೂ ಕಂಡಿದ್ದರೆ, ಪ್ರಯೋಗದ ಸಂದರ್ಭದೊಡನೆ ತಿಳಿಸಬೇಕೆಂದು ಕೋರುತ್ತೇನೆ.

ಇನ್ನೊಂದು ಚಿಕ್ಕ ಸಂದೇಹ. ಮೆಸಿಯೆ ಕಂಡ ಜೋಡಿಯಲ್ಲಿ ಒಂದು ನಕ್ಷತ್ರ ಸುಮಾರು 470 ಜ್ಯೋತಿರ್ವರ್ಷ ದೂರದಲ್ಲಿದ್ದರೆ, ಮತ್ತೊಂದು 1,100 ಜ್ಯೋತಿರ್ವರ್ಷಗಳಿಗೂ ಆಚೆ ಇದೆ. ಗುರುತ್ವದಿಂದ ಬೆಸೆದುಕೊಳ್ಳದ ಇಂಥವನ್ನು ‘ಯಮಳ’ ಎನ್ನದೆ ‘ತೋರಿಕೆಯ ಜೋಡಿ’ ಎಂದರೆ ಸಾಕೇ?